ತೋಟಕ್ಕೂ ಕಡಲಿಗೂ ಹೋಗುವ ಕೈಗೆ ಎಂಥ ಫಿಟ್‌ನೆಸ್ ಬ್ಯಾಂಡ್?

ಓದುಗರ ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ವಯಸ್ಸು 52. ಬಿಪಿ ಸ್ವಲ್ಪ ಜಾಸ್ತಿ ಇದೆ, ಮಾತ್ರೆ ತಗೊಳ್ಳುತ್ತಿದ್ದೇನೆ. ದಿನಾ ನಡೆಯಿರಿ ಅಂತ ಡಾಕ್ಟರು ಹೇಳಿದ್ದಾರೆ. ಅರ್ಧ ದಿನ ಅಡಿಕೆ ತೋಟದಲ್ಲೇ ಕಳೆಯುತ್ತದೆ. ಮಗಳ ಮನೆ ಕಾರವಾರದಲ್ಲಿ. ಅಲ್ಲಿಗೆ ಹೋದಾಗ ಬೀಚಿನಲ್ಲಿ ವಾಕಿಂಗ್ ಮಾಡುತ್ತೇನೆ. ಅವಳು ಫಿಟ್‌ನೆಸ್ ವಾಚ್ ಕೊಡಿಸುತ್ತೇನೆ ಅನ್ನುತ್ತಾಳೆ. ಎರಡು ಸಾವಿರದ್ದೂ ಇದೆ, ನಲವತ್ತು ಸಾವಿರದ್ದೂ ಇದೆ. ಬಿಪಿ, ಶುಗರ್ ಎಲ್ಲ ತೋರಿಸುವಂಥದ್ದೇ ತಗೊಳ್ಳಲಾ?

ಉತ್ತರ: ಬಿಪಿ, ಶುಗರ್ ತೋರಿಸುತ್ತದೆ ಅನ್ನುವ ಕಾರಣಕ್ಕೆ ಯಾವುದನ್ನೂ ತಗೊಳ್ಳಬೇಡಿ. ನಿಮಗೆ ಬೇಕಾಗಿರುವುದು ಒಂದು ಸಾದಾ ಬ್ಯಾಂಡ್. ಹೆಜ್ಜೆ ಎಣಿಸಬೇಕು, ಎದೆಬಡಿತ ತೋರಿಸಬೇಕು, ನೀರು ತಾಗಿದರೆ ಕೆಡಬಾರದು, ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗಬೇಕು. ಎರಡರಿಂದ ನಾಲ್ಕು ಸಾವಿರದೊಳಗೆ ಇಂಥದ್ದು ಸಿಗುತ್ತದೆ. ಮಗಳು ಇನ್ನೂ ಖರ್ಚು ಮಾಡುತ್ತೇನೆ ಅಂದರೆ, ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಮೆಷಿನ್ ಒಂದು ಇರಲಿ ಅನ್ನಿ.

ವಾಚಿನ ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುವುದನ್ನು ನೋಡಿರಬಹುದು. ಆ ಬೆಳಕು ಚರ್ಮದೊಳಗೆ ಹೋಗಿ ಸ್ವಲ್ಪ ವಾಪಸ್ ಬರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನ ರಕ್ತ ಹೆಚ್ಚು ಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕೂ ಹಾಗೇ ಬದಲಾಗುತ್ತದೆ. ಇದರಿಂದ ಬಡಿತ ಎಣಿಸುವುದು ಸುಲಭ. ಬಿಪಿ ಹಾಗಲ್ಲ. ಪಟ್ಟಿ ಉಬ್ಬಿಸದೆ ಬೆಳಕಿನಿಂದಲೇ ಹೇಳುವ ಬಿಪಿ ಒಂದು ಅಂದಾಜು. ಸ್ಯಾಮ್‌ಸಂಗ್‌ನ ಕೆಲವು ವಾಚುಗಳಲ್ಲಿ ಬಿಪಿ ನೋಡಬೇಕಾದರೂ ಮೊದಲು ಪಟ್ಟಿಯ ಮೆಷಿನ್ನಿಗೆ ಹೊಂದಿಸಬೇಕು, 28 ದಿನಕ್ಕೊಮ್ಮೆ ಮತ್ತೆ ಹೊಂದಿಸಬೇಕು. ಮೆಷಿನ್ ಹೇಗೂ ಬೇಕು ಅಂದಮೇಲೆ ಅದರಲ್ಲೇ ನೋಡಿದರಾಯಿತು, ಅಲ್ವಾ?

ಶುಗರಿನದ್ದು ಇನ್ನೂ ಗಂಭೀರ. ಚುಚ್ಚದೆ ಶುಗರ್ ತೋರಿಸುತ್ತವೆ ಎನ್ನುವ ವಾಚು, ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ತೋಳಿಗೆ ಅಂಟಿಸುವ ಸಣ್ಣ ಸೂಜಿಯ ಸೆನ್ಸರ್ ಬೇರೆ. ಅದು ಅಳೆದದ್ದನ್ನು ವಾಚು ತೋರಿಸಬಹುದು, ಆದರೆ ಅಳೆಯುವುದು ವಾಚಲ್ಲ. ವಾಚಿನ ನಂಬರ್ ನೋಡಿ ಶುಗರಿನ ಮಾತ್ರೆ ಹೆಚ್ಚು ಕಡಿಮೆ ಮಾಡಿದರೆ ಜೀವಕ್ಕೇ ಅಪಾಯ.

ಈಗ ಹೆಜ್ಜೆಯ ಲೆಕ್ಕ. ತೋಟದ ಕೆಲಸ ಮಾಡುವವರಿಗೆ ಗೊಂದಲ ಆಗುವುದೇ ಇಲ್ಲಿ. ಬ್ಯಾಂಡಿಗೆ ನಿಮ್ಮ ಕಾಲು ಕಾಣುವುದಿಲ್ಲ. ಅದರೊಳಗಿನ ಸೆನ್ಸರಿಗೆ ಗೊತ್ತಾಗುವುದು ಕೈಯ ಅಲುಗಾಟ ಮಾತ್ರ. ಒಂದೇ ಲಯದಲ್ಲಿ ಕೈ ಬೀಸಿದರೆ ಅದು ನಡಿಗೆ ಅಂತ ತೀರ್ಮಾನಿಸುತ್ತದೆ. ಹಾಗಾಗಿ ಗುದ್ದಲಿ ಹಿಡಿದು ಅಗೆಯುವಾಗ, ಅಂಗಳದಲ್ಲಿ ಕೂತು ಅಡಿಕೆ ಸುಲಿಯುವಾಗ ನೀವು ನಡೆಯದೆಯೂ ಹೆಜ್ಜೆ ಏರಬಹುದು. ಹೊಂಡದ ರಸ್ತೆಯಲ್ಲಿ ಬೈಕ್ ಓಡಿಸಿದರೂ ಅಷ್ಟೇ. ಉಲ್ಟಾನೂ ಆಗುತ್ತದೆ. ಗೊಬ್ಬರದ ಕೈಗಾಡಿ ತಳ್ಳಿಕೊಂಡು ಹೋದರೆ ಕೈ ಅಲುಗುವುದಿಲ್ಲ, ಹೆಜ್ಜೆ ತಪ್ಪಿಹೋಗುತ್ತದೆ. ಅಂಕೋಲಾ ಪೇಟೆಯಲ್ಲಿ ತಲೆ ಮೇಲಿನ ಮೀನು ಬುಟ್ಟಿಗೆ ಕೈ ಕೊಟ್ಟು ನಡೆಯುವ ಹೆಂಗಸರಿಗೆ ಬ್ಯಾಂಡ್ ಕಟ್ಟಿದರೆ, ಇಡೀ ಪೇಟೆ ಸುತ್ತಿದ ಮೇಲೂ ಅದು ಕಡಿಮೆಯೇ ತೋರಿಸೀತು. ಸುಮಾರು ಬ್ಯಾಂಡುಗಳು ಒಂದಷ್ಟು ಹೆಜ್ಜೆ ಸತತವಾಗಿ ಬಿದ್ದ ಮೇಲೆಯೇ ಎಣಿಸಲು ಶುರು ಮಾಡುತ್ತವೆ. ಒಂದು ಮರದ ಬುಡದಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ, ನಿಲ್ಲು, ಮತ್ತೆ ನಾಲ್ಕು ಹೆಜ್ಜೆ ಅಂದರೆ ಅದು ಲೆಕ್ಕಕ್ಕೇ ಬರದೆ ಇರಬಹುದು.

ಇದಕ್ಕೆ ದುಬಾರಿ ವಾಚು ಪರಿಹಾರ ಅಲ್ಲ. ಕತ್ತಿ ಹಿಡಿಯದ ಕೈಗೆ ಕಟ್ಟಿ, ಯಾವ ಕೈ ಅಂತ ಆ್ಯಪಿನಲ್ಲಿ ಹೇಳಿ. ಡಾಕ್ಟರು ಹೇಳಿದ ನಡಿಗೆಯನ್ನು ಬೇರೆಯಾಗಿಯೇ ಅಳೆಯಿರಿ: ಹೊರಡುವಾಗ ವಾಕಿಂಗ್ ಅಂತ ಒತ್ತಿ, ಮನೆಗೆ ಬಂದ ಮೇಲೆ ನಿಲ್ಲಿಸಿ. ದಿನದ ಒಟ್ಟು ಲೆಕ್ಕ ಒಂದಷ್ಟು ತಪ್ಪಿರಲಿ ಬಿಡಿ. ಸೊಸೈಟಿಯ ತಕ್ಕಡಿ ನೂರು ಗ್ರಾಂ ತಪ್ಪು ತೋರಿಸಿದರೂ, ಈ ವಾರ ಹೋದ ವಾರಕ್ಕಿಂತ ಜಾಸ್ತಿ ತಂದಿರೋ ಇಲ್ಲವೋ ಅನ್ನುವುದು ಅದರಲ್ಲೇ ಗೊತ್ತಾಗುತ್ತದಲ್ಲ, ಇದೂ ಹಾಗೇ.

ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂತಲೂ ಇಲ್ಲ. ಆ ನಂಬರ್ ಹರಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದಿಂದ, ಯಾವ ಡಾಕ್ಟರ ಚೀಟಿಯಿಂದಲೂ ಅಲ್ಲ. ಸರಾಸರಿ 72 ವಯಸ್ಸಿನ 16,741 ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ತೀರಾ ಕಡಿಮೆ ನಡೆದವರಿಗಿಂತ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. 7,500ರ ಆಸುಪಾಸಿನ ನಂತರ ಲಾಭ ಹೆಚ್ಚಲಿಲ್ಲ. ನಿಮ್ಮ ವಯಸ್ಸು ಬೇರೆ, ಆ ನಂಬರನ್ನೇ ಹಿಡಿದುಕೊಳ್ಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ ಇರಲಿ ಅನ್ನುತ್ತದೆ. ನಿಮಿಷದ ಲೆಕ್ಕವೇ ನಿಮಗೆ ಸುಲಭ.

ಎದೆಬಡಿತ ನೋಡುವಾಗ ಒಂದು ಎಚ್ಚರ. 220ರಲ್ಲಿ ವಯಸ್ಸು ಕಳೆದು, ಅದರ ಇಷ್ಟು ಶೇಕಡ ಬಡಿತ ಬರಬೇಕು ಅಂತ ಆ್ಯಪು ಹೇಳಬಹುದು. ಆದರೆ ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಬಡಿತವನ್ನೇ ಕಡಿಮೆ ಇಡುತ್ತವೆ. ನೀವು ತಗೊಳ್ಳುತ್ತಿರುವುದು ಅಂಥ ಬೀಟಾ ಬ್ಲಾಕರ್ ಮಾತ್ರೆ ಆಗಿದ್ದರೆ ಆ ಲೆಕ್ಕ ನಿಮಗೆ ಹೊಂದುವುದಿಲ್ಲ, ನಂಬರ್ ಏರಿಸಲು ಹೋಗಿ ಸುಮ್ನೆ ದಣಿಯಬೇಡಿ. ಡಾಕ್ಟರನ್ನೇ ಕೇಳಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದು ಹಳೇ ಪರೀಕ್ಷೆ, ಚಾರ್ಜೂ ಬೇಡ.

ಕಾರವಾರದ ಟಾಗೋರ್ ಬೀಚಿನಲ್ಲಿ ಒಣ ಮರಳಿನ ಮೇಲೆ ನಡೆದರೆ ಡಾಂಬರು ರಸ್ತೆಗಿಂತ ಎಷ್ಟೋ ಜಾಸ್ತಿ ಶ್ರಮ. ಹೆಜ್ಜೆಯ ಲೆಕ್ಕದಲ್ಲಿ ಅದು ಕಾಣುವುದಿಲ್ಲ, ಬಡಿತದಲ್ಲಿ ಕಾಣುತ್ತದೆ. ಕ್ಯಾಲೊರಿ ನಂಬರನ್ನಂತೂ ನೋಡಲೇಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 7 ಸಾಧನಗಳನ್ನು ಪರೀಕ್ಷಿಸಿದಾಗ ಬಡಿತವನ್ನು 6 ಸಾಧನಗಳು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ 27ರಷ್ಟು ತಪ್ಪಿತ್ತು.

ಇನ್ನು ನೀರು. ಪೆಟ್ಟಿಗೆಯ ಮೇಲೆ 5 ಎಟಿಎಂ ಅಂತ ಇದ್ದರೆ ಒಳ್ಳೆಯದು. 50 ಮೀಟರ್ ಆಳದ ನೀರಿನ ಒತ್ತಡ ತಡೆಯುತ್ತದೆ ಅಂತ ಅರ್ಥ, ಅಷ್ಟು ಆಳಕ್ಕೆ ಮುಳುಗಬಹುದು ಅಂತಲ್ಲ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅದೂ ಸಿಹಿನೀರಿನ ಪರೀಕ್ಷೆ. ಮಳೆಗೆ ಅದು ಸಾಕು, ಕಡಲಿಗೆ ಸಾಲದು. ಉಪ್ಪುನೀರು ತಾಗಿದ ದಿನ ಬೋರ್‌ವೆಲ್ಲೋ ಬಾವಿಯೋ, ಸಿಹಿನೀರಿನಲ್ಲಿ ತೊಳೆದು ಒರೆಸಿ ಇಡಿ. ಇಲ್ಲದಿದ್ದರೆ ಚಾರ್ಜ್ ಮಾಡುವ ಲೋಹದ ಚುಕ್ಕೆಗಳು ತುಕ್ಕು ಹಿಡಿಯುತ್ತವೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಬಿಚ್ಚಿ ಮನೆಯಲ್ಲೇ ಬಿಡಿ. ಅದರಲ್ಲಿರುವ ಮೈಲುತುತ್ತ ಲೋಹಕ್ಕೂ ಒಳ್ಳೆಯದಲ್ಲ, ಪಟ್ಟಿಯಡಿ ಸಿಕ್ಕಿಕೊಂಡರೆ ಚರ್ಮಕ್ಕೂ ಅಲ್ಲ.

ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ದಿನಾ ಚಾರ್ಜ್ ಕೇಳುವ ದೊಡ್ಡ ವಾಚು ಆಗ ಡ್ರಾಯರ್ ಸೇರುತ್ತದೆ. ಸಿಗ್ನಲ್ ಇಲ್ಲದಿದ್ದರೆ ಚಿಂತೆ ಬೇಡ. ಬ್ಯಾಂಡು ಮೊಬೈಲಿಗೆ ಲೆಕ್ಕ ಕಳಿಸುವುದು ಬ್ಲೂಟೂತಿನಲ್ಲಿ. ಮೊದಲ ಸಲ ಖಾತೆ ಮಾಡಲು ಇಂಟರ್ನೆಟ್ ಬೇಕು, ಆ ಕೆಲಸ ಕಾರವಾರದಲ್ಲೇ ಮಗಳ ಕೈಯಲ್ಲಿ ಮಾಡಿಸಿಕೊಂಡು ಬನ್ನಿ. ಹೋದ ದಾರಿಯನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸುವ ಜಿಪಿಎಸ್ ನಿಮಗೆ ಬೇಡ. ದೇವಿಮನೆ ಘಾಟಿಯಲ್ಲಿ ಓಡುವ ಹುಡುಗರಿಗೆ ಇರಲಿ, ಅವರಿಗೂ ದಟ್ಟ ಮರಗಳ ಕೆಳಗೆ ಗೆರೆ ಅತ್ತಿತ್ತ ಹೋಗುತ್ತದೆ.

ದುಬಾರಿ ವಾಚಿಗೆ ಅರ್ಥವಿರುವುದು ಒಂದು ಕಡೆ. ಹೃದಯದ ಲಯ ತಪ್ಪುವ ತೊಂದರೆ ಇದೆ ಅಂತ ಡಾಕ್ಟರಿಗೆ ಅನುಮಾನವಿದ್ದರೆ, ಇಸಿಜಿ ಇರುವ ವಾಚು ಅದನ್ನು ಹಿಡಿಯಲು ನೆರವಾಗಬಹುದು. ಆದರೆ ಅದು ಹೃದಯಾಘಾತವನ್ನು ಹಿಡಿಯುವುದಿಲ್ಲ. ಎದೆ ನೋವು ಬಂದರೆ ವಾಚು ನೋಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಅಂಗಡಿಗೆ ಹೋದಾಗ ಬ್ಯಾಂಡ್ ಕಟ್ಟಿಕೊಂಡು ಹೊರಗೆ ಮನಸ್ಸಿನಲ್ಲೇ ಎಣಿಸುತ್ತ ನೂರು ಹೆಜ್ಜೆ ನಡೆದು ನೋಡಿ. ಐದಾರು ವ್ಯತ್ಯಾಸ ಬಂದರೆ ಪರವಾಗಿಲ್ಲ. ಮಗಳಿಗೆ ಒಂದು ಕನ್ನಡ ಮೆಸೇಜ್ ಕಳಿಸಲು ಹೇಳಿ. ಬ್ಯಾಂಡಿನಲ್ಲಿ ಅಕ್ಷರದ ಬದಲು ಬರೀ ಚೌಕ ಬಂದರೆ ಬೇರೆ ತೋರಿಸಿ ಅನ್ನಿ. ಬಿಸಿಲಲ್ಲಿ ಕನ್ನಡಕ ಇಲ್ಲದೆ ನಂಬರ್ ಓದಲು ಬರುತ್ತದಾ ನೋಡಿ. ಕೊನೆಗೆ, ಪಟ್ಟಿ ಬೇರೆಯಾಗಿ ಸಿಗುತ್ತದೆಯಾ ಕೇಳಿ. ಬೆವರು ಕೂತು ತುರಿಕೆ ಬಂದರೆ ಬಟ್ಟೆಯ ಪಟ್ಟಿಗೆ ಬದಲಾಯಿಸಿಕೊಳ್ಳಬಹುದು.