ಕಂಚಿನ ಶಿಲ್ಪದ ಮುಖ ಆಮೇಲೆ, ಮೊದಲು ಹೊಟ್ಟೆ

ಇದು ಯಾರ ಕೈಕೆಲಸ ಎಂಬ ಪ್ರಶ್ನೆ ಹೊತ್ತು ಒಂದಡಿ ಎತ್ತರದ ಬರೋಕ್ (17–18ನೇ ಶತಮಾನದ ಯುರೋಪಿನ ಶೈಲಿ) ಕಂಚಿನ ಶಿಲ್ಪ ಮೇಜಿಗೆ ಬಂದರೆ ನಾನು ಮೊದಲು ಅದನ್ನು ಬೋರಲು ಹಾಕುತ್ತೇನೆ. ತಂದವರಿಗೆ ಗಾಬರಿ. ಅವರು ತೋರಿಸಬೇಕೆಂದಿದ್ದುದು ಮುಖವನ್ನು. ಆದರೆ ಮುಖವನ್ನು ನಕಲು ಮಾಡುವವರು ಒಳಗಿನ ಟೊಳ್ಳಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಮೇಣದ ತುಂಡುಗಳನ್ನು ಬೆಸೆದ ಗೆರೆ, ಒಳಮಣ್ಣು ಅಲುಗದಿರಲೆಂದು ಚುಚ್ಚಿದ ಮೊಳೆಗಳ ತೂತು, ಆ ತೂತು ಮುಚ್ಚಿದ ರೀತಿ: ಎರಕದ ಕಾರ್ಯಾಗಾರದ ಕೈಗುರುತು ಅಲ್ಲೇ ಸಿಗುವುದು.

ಮೇಣದ ಮೂರ್ತಿಯ ಸುತ್ತ ಮಣ್ಣಿನ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹೊಯ್ಯುವ ಮೇಣದೆರಕ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಅದನ್ನು ವಿವರಿಸಿದ್ದಾನೆ. ಅಲ್ಲಿ ಮೇಣದ ಮೂರ್ತಿ ಕರಗಿತೆಂದರೆ ಮುಗಿಯಿತು, ವಿಗ್ರಹ ಒಂದೇ. ಇಟಲಿಯ ಫ್ಲಾರೆನ್ಸಿನವರು ಮೂಲ ಮಾದರಿಯಿಂದ ಬಿಡಿಬಿಡಿ ಅಚ್ಚು ತೆಗೆದಿಟ್ಟುಕೊಳ್ಳುತ್ತಿದ್ದರು, ಬೇಕಾದಾಗ ಹೊಸ ಮೇಣ ತುಂಬುತ್ತಿದ್ದರು. ನಮ್ಮ ತಲೆನೋವು ಶುರುವಾಗುವುದೇ ಇಲ್ಲಿ.

ಮಾಸ್ಸಿಮಿಲಿಯಾನೊ ಸೊಲ್ದಾನಿ ಬೆಂಜಿಯನ್ನೇ (1656–1740) ನೋಡಿ. ಫ್ಲಾರೆನ್ಸನ್ನು ಆಳಿದ ಮೆಡಿಚಿ ಮನೆತನದ ಟಂಕಸಾಲೆ ನಡೆಸಿದವನು, ಪದಕ ಕೊರೆದು ಪಳಗಿದ ಕೈ. ಎರಕ ತಣಿದ ಮೇಲೆ ಕೂದಲಿನ ಎಳೆ, ಬಟ್ಟೆಯ ಅಂಚುಗಳನ್ನು ಅಕ್ಕಸಾಲಿಗನ ಶ್ರದ್ಧೆಯಿಂದ ತೀಡಿದ ಗುರುತು ಅವನ ಕಂಚುಗಳಲ್ಲಿದೆ. ಅವನು ತೀರಿಕೊಂಡ ಮೇಲೆ ಅವನ ಅಚ್ಚುಗಳು ಕಾರ್ಲೊ ಜಿನೋರಿಯ ದೊಚ್ಚಿಯಾ ಪಿಂಗಾಣಿ ಕಾರ್ಖಾನೆ ಸೇರಿದವು. ಅದೇ ಆಕೃತಿಗಳು ಪಿಂಗಾಣಿಯಲ್ಲೂ ಮೂಡಿದವು. ಹಾಗಾಗಿ ಭಂಗಿ ಸೊಲ್ದಾನಿಯದು ಎಂದಮಾತ್ರಕ್ಕೆ ಎರಕವೂ ಅವನದೇ ಎಂದು ನಾನು ಬರೆದುಕೊಡುವುದಿಲ್ಲ. ಮಾದರಿ ಯಾರದು, ಎರಕ ಯಾರದು, ಉಳಿ ಹಿಡಿದವರು ಯಾರು, ಮೂರನ್ನೂ ಬೇರೆಬೇರೆಯಾಗಿ ಕೇಳಲೇಬೇಕು.

ಸಹಿ ಇದ್ದರೆ? ಫ್ಲಾರೆನ್ಸಿನ ಶಿಲ್ಪಿ ಜಾನ್‌ಫ್ರಾಂಚೆಸ್ಕೊ ಸುಸಿನಿ 1627ರಲ್ಲಿ ‘ಹೆಲೆನ್‌ಳ ಅಪಹರಣ’ದ ಮೇಲೆ ಹೆಸರು, ಇಸವಿ ಎರಡನ್ನೂ ಕೆತ್ತಿದ್ದಾನೆ, ಅದೀಗ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಮ್ಮಿನಲ್ಲಿದೆ. ಅಂಥ ಅದೃಷ್ಟ ಅಪರೂಪ. ಮೇಲಾಗಿ, ಮುಗಿದ ಕಂಚಿನಿಂದಲೇ ಅಚ್ಚು ತೆಗೆದರೆ ಸಹಿಯೂ ಜೊತೆಗೇ ಬರುತ್ತದೆ, ಅಕ್ಷರದ ಅಂಚು ಮಾತ್ರ ಮೊಂಡಾಗಿರುತ್ತದೆ. ಅಳತೆಯೂ ಗುಟ್ಟು ಬಿಟ್ಟುಕೊಡುತ್ತದೆ. ತಣಿಯುವಾಗ ಕಂಚು ಶೇ. 1.5ರಿಂದ 2ರಷ್ಟು ಕುಗ್ಗುವುದರಿಂದ 30 ಸೆಂ.ಮೀ. ಶಿಲ್ಪದ ಮರುಎರಕ ಐದಾರು ಮಿಲಿಮೀಟರ್ ಗಿಡ್ಡ. ಖಾತ್ರಿಯಾದ ಪ್ರತಿಯ ಪಕ್ಕ ಕ್ಯಾಲಿಪರ್ ಹಿಡಿದು ಕೂತ ಅರ್ಧ ಗಂಟೆ ಎಷ್ಟೋ ವಾದಗಳನ್ನು ಮುಗಿಸಿದೆ.

ಲೋಹದಲ್ಲಿ ಏನೇನು ಬೆರೆತಿದೆ ಎಂದು ತೋರಿಸುವ ಎಕ್ಸ್-ರೇ ಫ್ಲೋರೆಸೆನ್ಸ್ ಪರೀಕ್ಷೆ ಕೊನೆಗೆ. ತಾಮ್ರ ತೀರಾ ಶುದ್ಧವಾಗಿದ್ದರೆ ಅದು ವಿದ್ಯುತ್ತಿನಿಂದ ಶುದ್ಧೀಕರಿಸಿದ ಕಾಲದ್ದೆಂಬ ಅನುಮಾನ ಬರುತ್ತದೆ. ಆದರೆ ಲೋಹ ಹಳೆಯದೆಂದು ತಿಳಿದರೂ ಕರ್ತೃವಿನ ಹೆಸರು ಅದರಿಂದ ಸಿಗದು.

ಒಂದೇ ಕೋರಿಕೆ: ತರುವ ಮೊದಲು ಹೊಳಪಿಗೆಂದು ಉಜ್ಜಬೇಡಿ. ಫ್ಲಾರೆನ್ಸಿನ ಕೆಂಪು ಹೊಂಬಣ್ಣದ ಮೆರುಗೆಣ್ಣೆ ಮಡಿಕೆಗಳ ಸಂದಿಯಲ್ಲಿ ಚೂರು ಉಳಿದಿದ್ದರೂ ನನಗೆ ಬೇಕು.