ಯೂರಿಯಾ, ನೀರು ಜಾಸ್ತಿ ಕೊಟ್ಟರೆ ಬೆಳ್ಳುಳ್ಳಿ ಗಡ್ಡೆ ದಪ್ಪ ಆಗುತ್ತಾ?

ಪ್ರಶ್ನೆ: ಎರೆ ಹೊಲದಲ್ಲಿ ಬೆಳ್ಳುಳ್ಳಿ ಹಾಕಿದ್ದೇನೆ. ಮೂರನೇ ತಿಂಗಳಲ್ಲೂ ಯೂರಿಯಾ ಹಾಕಿ, ವಾರಕ್ಕೆ ಎರಡು ಸಲ ನೀರು ಬಿಟ್ಟೆ. ಎಲೆ ಚೆನ್ನಾಗಿ ಬಂತು. ಆದರೆ ಗಡ್ಡೆ ಒಡೆದು, ಎಸಳು ಹೊಲದಲ್ಲೇ ಮೊಳೆಯುತ್ತಿದೆ. ಯಾಕೆ?

ಉತ್ತರ: ನೀವು ಕೊಟ್ಟಿದ್ದು ಗಡ್ಡೆಗೆ ಹೋಗಲಿಲ್ಲ, ಎಲೆಗೆ ಹೋಯಿತು. ಬೆಳ್ಳುಳ್ಳಿ ಮೊದಲು ಎಲೆ ಬೆಳೆಸುತ್ತದೆ, ಆಮೇಲೆ ಆ ಎಲೆಯ ಸತ್ವವನ್ನು ಗಡ್ಡೆಗೆ ಇಳಿಸುತ್ತದೆ. ಹಾಗೆ ಇಳಿಸುವ ಹೊತ್ತಿಗೆ ಯೂರಿಯಾದಲ್ಲಿರುವ ಸಾರಜನಕ ಮತ್ತೆ ಸಿಕ್ಕರೆ ಗಿಡ ಎಲೆ ಬಿಡುವುದನ್ನು ನಿಲ್ಲಿಸುವುದೇ ಇಲ್ಲ. ಕೂತ ಎಸಳೂ ಚಿಗುರುತ್ತದೆ. ಒಂದು ಗಿಡ ಕಿತ್ತು ಕುತ್ತಿಗೆ, ಅಂದರೆ ಗಡ್ಡೆಗೆ ಸ್ವಲ್ಪ ಮೇಲಿನ ಭಾಗ, ಹಿಸುಕಿ ನೋಡಿ. ಬಲಿಯುತ್ತಿರುವ ಗಿಡದ ಕುತ್ತಿಗೆ ಮೆತ್ತಗಾಗಿ ಬಾಗುತ್ತದೆ. ನಿಮ್ಮದು ದಪ್ಪಗೆ, ರಸ ತುಂಬಿಕೊಂಡು ನಿಂತಿರುತ್ತದೆ. ಅಂಥ ಗಡ್ಡೆ ಸರಿಯಾಗಿ ಒಣಗುವುದಿಲ್ಲ, ಬೇಗ ಕೊಳೆಯುತ್ತದೆ.

ಹಾಗಂತ ಯೂರಿಯಾವೇ ಬೇಡ ಅಂತಲ್ಲ. ಮೊದಲ ಒಂದೂವರೆ ತಿಂಗಳಲ್ಲಿ ಸಾರಜನಕ ಕಡಿಮೆಯಾದರೆ ಎಲೆ ಹಳದಿಯಾಗಿ ಗಡ್ಡೆ ಸಣ್ಣದಾಗುತ್ತದೆ. ಎಕರೆಗೆ 40 ಕೆಜಿ ಸಾರಜನಕ ಅಂದರೆ ಸುಮಾರು 87 ಕೆಜಿ ಯೂರಿಯಾ, ಹತ್ತಿರ ಹತ್ತಿರ ಎರಡು ಚೀಲ. ಡಿಎಪಿ ಗೊಬ್ಬರವನ್ನೂ ಹಾಕಿದ್ದರೆ ಅದರಲ್ಲಿರುವ ಸಾರಜನಕವನ್ನು ಇದರಿಂದ ಕಳೆಯಿರಿ. ಅರ್ಧ ನಾಟಿಗೆ, ಉಳಿದದ್ದು 30 ಮತ್ತು 45ನೇ ದಿನಕ್ಕೆ. ಅಲ್ಲಿಗೆ ಸಾಕು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರ ಹೆಚ್ಚು ಕಡಿಮೆ ಮಾಡಿ.

ಇನ್ನು ನೀರು. ಬೆಳ್ಳುಳ್ಳಿ ಬೇರು ಆಳಕ್ಕೆ ಹೋಗುವುದಿಲ್ಲ, ಹೆಚ್ಚಿನದೆಲ್ಲ ಮೇಲಿನ ಒಂದು ಅಡಿಯೊಳಗೇ. ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಅನ್ನುವ, ನೀರಲ್ಲಿ ಕರಗುವ ಸಾರಜನಕ ಆಗುತ್ತದೆ, ನೈಟ್ರೇಟ್ ನೀರಿನ ಜೊತೆ ಕೆಳಗಿಳಿಯುತ್ತದೆ. ಮಡಿ ತುಂಬ ನೀರು ನಿಲ್ಲಿಸಿದರೆ ದುಡ್ಡು ಕೊಟ್ಟು ತಂದ ಗೊಬ್ಬರ ಬೇರಿಗೆ ಎಟುಕದಷ್ಟು ಕೆಳಗೆ ಹೋಗಿಬಿಡುತ್ತದೆ, ಅಲ್ವಾ? ಅದಕ್ಕೇ ಸ್ವಲ್ಪ ಸ್ವಲ್ಪ ಕೊಡುವ ಹನಿ ನೀರಾವರಿ ಈ ಬೆಳೆಗೆ ತುಂಬಾ ಒಗ್ಗುತ್ತದೆ.

ಎರೆ ಮಣ್ಣು ತೇವ ಬಹಳ ದಿನ ಹಿಡಿಯುತ್ತದೆ. ಮೇಲೆ ಒಣಗಿದಂತೆ ಕಂಡಿತು ಅಂತ ಸುಮ್ನೆ ನೀರು ಬಿಡಬೇಡಿ. ನಾಲ್ಕು ಬೆರಳು ಆಳದ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿ. ಉಂಡೆ ನಿಂತರೆ ಇನ್ನೆರಡು ದಿನ ತಡೆಯಿರಿ. ಗಡ್ಡೆ ಕಟ್ಟುವಾಗ ಮಾತ್ರ ಹೊಲ ಪೂರ್ತಿ ಒಣಗಲು ಬಿಡಬೇಡಿ. ಒಣಗಿಸಿ ಒಮ್ಮೆಲೇ ನೀರು ಕೊಟ್ಟರೂ ಗಡ್ಡೆ ಒಡೆಯುತ್ತದೆ. ಕೀಳುವುದಕ್ಕೆ ಎರಡು ವಾರ ಮುಂಚೆ ನೀರು ಪೂರ್ತಿ ನಿಲ್ಲಿಸಿ.

ಈಗ ಮೊಳೆತಿರುವುದನ್ನು ಬೇರೆ ಮಾಡಿ, ಬೇಗ ಮಾರಿ. ಬಿತ್ತನೆಗೆ ಬಿಗಿಯಾಗಿರುವ ಗಡ್ಡೆಗಳನ್ನೇ ಆರಿಸಿಡಿ.