ಶಾಯಿಯೇ ಇಲ್ಲದೆ ಮೂಡುವ ಹೆಸರು

ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ದನಿ ಇರುವ ಸಿಡಿಗಳು ಉಡುಪಿಯ ನಮ್ಮ ಮನೆಯ ಕಪಾಟಿನಲ್ಲಿವೆ. ಮೊದಲು ಅವಕ್ಕೆ ಕಾಗದದ ಸ್ಟಿಕ್ಕರ್ ಅಂಟಿಸಿದ್ದೆ. ಆಟಿಯ ಮಳೆಗೆ ಒಂದರ ಅಂಚು ಎದ್ದು ಡ್ರೈವ್ ಒಳಗೆ ಸಿಕ್ಕಿಕೊಂಡಿತು. ಚಿಮಟದಲ್ಲಿ ಚೂರು ಚೂರಾಗಿ ಕಿತ್ತೆ. ಆಮೇಲೆ ಎಲ್ಲವನ್ನೂ ಲೈಟ್‌ಸ್ಕ್ರೈಬ್ ಡಿಸ್ಕ್‌ಗಳಿಗೆ ನಕಲು ಮಾಡಿದೆ.

ಇವುಗಳ ಮೇಲ್ಮೈಗೆ ವಿಶೇಷ ಲೇಪ ಇರುತ್ತದೆ. ದನಿ ಬರೆದಾದ ಮೇಲೆ ಡಿಸ್ಕನ್ನು ಮಗುಚಿ ಹಾಕಬೇಕು. ದನಿ ಬರೆದ ಅದೇ ಲೈಟ್‌ಸ್ಕ್ರೈಬ್ ಡ್ರೈವ್ ಈಗ ತನ್ನ ಲೇಸರ್‌ನಿಂದ ಹೆಸರನ್ನೂ ಬರೆಯುತ್ತದೆ. ಇದು ಎಚ್‌ಪಿ ಕಂಪನಿಯ ಎಂಜಿನಿಯರ್ ಡ್ಯಾರಿಲ್ ಆಂಡರ್ಸನ್ ಅವರಿಗೆ ಹೊಳೆದ ಉಪಾಯ.

‘ಲೇಸರ್ ಕೊರೆದು ಡಿಸ್ಕ್ ಹಾಳಾಗುತ್ತದೆ’ ಎಂದು ಹೆದರಿಸುವವರು ಜಾಸ್ತಿ. ಸ್ಟೀಲ್ ಪಾತ್ರೆಗೆ ಹೆಸರು ಕೊರೆದ ಹಾಗೆ ಅಂದುಕೊಂಡಿದ್ದಾರೆ. ನಮ್ಮ ತಾಳೆಗರಿಗಳಲ್ಲಿ ಹಾಗೆಯೇ ನಡೆಯುತ್ತಿತ್ತು. ಕಬ್ಬಿಣದ ಕಂಟದಿಂದ ಗೀರಿ, ಮಸಿ ಉಜ್ಜಿದರೆ ಗೀರಿದ ಕಡೆ ಮಾತ್ರ ಕಪ್ಪು ಉಳಿದು ಅಕ್ಷರ ಕಾಣುತ್ತಿತ್ತು. ಡಿಸ್ಕ್‌ನಲ್ಲಿ ಗೀರೂ ಇಲ್ಲ, ಮಸಿಯೂ ಇಲ್ಲ. ಬಣ್ಣ ಮೊದಲೇ ಅಲ್ಲಿ ಮಲಗಿದೆ.

ಅರಿಶಿನ ಮತ್ತು ಸುಣ್ಣ ನೆನಪಿಸಿಕೊಳ್ಳಿ. ಬೇರೆ ಬೇರೆ ಇದ್ದಾಗ ಒಂದು ಹಳದಿ, ಇನ್ನೊಂದು ಬಿಳಿ. ನೀರಿನಲ್ಲಿ ಸೇರಿದರೆ ಆರತಿಯ ಕೆಂಪು. ಅದು ದೃಷ್ಟಿ ಹೀರಿಕೊಂಡ ಕೆಂಪಲ್ಲ, ಸುಣ್ಣದ ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸಿದ್ದು. ಡಿಸ್ಕ್‌ನ ಲೇಪದಲ್ಲೂ ಇಂಥದೇ ಜೋಡಿ ಇದೆ. ಒಂದು ಬಣ್ಣ ತೋರಿಸದ ವರ್ಣದ್ರವ್ಯ, ಇನ್ನೊಂದು ಅದರ ಬಣ್ಣ ಹೊರಡಿಸುವ ರಾಸಾಯನಿಕ. ಎರಡೂ ಹೆರೆಗಟ್ಟಿದ ತುಪ್ಪದೊಳಗಿನ ಕಾಳುಗಳ ಹಾಗೆ ದೂರ ದೂರ ಕೂತಿವೆ. ಲೇಪದಲ್ಲೇ ಇರುವ ಮೂರನೆಯ ವಸ್ತು ಲೇಸರ್‌ನ 780 ನ್ಯಾನೊಮೀಟರ್ ಅವಗೆಂಪು ಬೆಳಕನ್ನು ಹೀರಿ ಬಿಸಿಯಾಗುತ್ತದೆ. ತುಪ್ಪ ಕರಗುತ್ತದೆ, ಎರಡೂ ಸೇರುತ್ತವೆ, ಆ ಚುಕ್ಕಿ ಕಪ್ಪಾಗುತ್ತದೆ. ಮಂಗಳೂರಿನ ಸಿಟಿ ಬಸ್ಸಲ್ಲಿ ಕಂಡಕ್ಟರ್ ಮಷೀನಿಂದ ಹರಿದು ಕೊಡುವ ಟಿಕೆಟ್ ಇದೆಯಲ್ವಾ? ಅದರ ಕಾಗದದಲ್ಲೂ ಇದೇ ಜೋಡಿ. ಅಲ್ಲಿ ಬಿಸಿ ಮಾಡುವುದು ಪ್ರಿಂಟರ್‌ನ ತಲೆ, ಅಷ್ಟೇ ವ್ಯತ್ಯಾಸ.

ನನಗೆ ಇನ್ನೂ ಇಷ್ಟವಾದದ್ದು ಡಿಸ್ಕ್‌ನ ನಡುವಿನ ಉಂಗುರ. ಹತ್ತಿರ ಹಿಡಿದು ನೋಡಿದರೆ ರಥಬೀದಿಯ ತೇರಿನ ಗಾಲಿಯ ಅರಗಳ ಹಾಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಡಿಸ್ಕ್ ಎಷ್ಟು ತಿರುಗಿದೆ ಎಂದು ಡ್ರೈವ್ ಇವುಗಳಿಂದ ತಿಳಿಯುತ್ತದೆ. ಹಾಗಾಗಿ ಅದೇ ಚಿತ್ರವನ್ನು ಎರಡನೇ ಸಲ ಬರೆಸಿದರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಬಣ್ಣ ಗಾಢವಾಗುತ್ತದೆ.

ಲಿನಕ್ಸ್‌ನಲ್ಲಿ ಕೆಲಸ ಸುಲಭ. ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಚೌಕ ಚಿತ್ರ ಮಾಡಿಕೊಳ್ಳಿ. ಲೈಟ್‌ಸ್ಕ್ರೈಬ್‌ನ ಸಿಸ್ಟಮ್ ಸಾಫ್ಟ್‌ವೇರ್ ಹಾಕಿ, ಲಾಸಿ ಕಂಪನಿಯ 4ಎಲ್ ಎಂಬ ಲೇಬಲರ್‌ಗೆ ಚಿತ್ರ ಕೊಡಿ. ಆದರೆ ಇವು 32 ಬಿಟ್ ಕಾಲದವು, ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕಂಪನಿಗಳು ಕೊಟ್ಟಿಲ್ಲ. 64 ಬಿಟ್ ಗಣಕದಲ್ಲಿ ಹಳೆಯ ಲೈಬ್ರರಿಗಳನ್ನೂ ಜೊತೆಗೆ ಹಾಕಬೇಕು. ಮೂಲ ಸಂಕೇತ ಸಿಗದಿರುವುದು ನನಗೆ ನಿಜವಾಗಿ ಬೇಸರದ ಸಂಗತಿ. ಯಮಾಹಾ 2002ರಲ್ಲಿ ತಂದ ಡಿಸ್ಕ್ ಟ್ಯಾಟೂ, ದನಿ ಬರೆಯುವ ಬದಿಯಲ್ಲೇ ಉಳಿದ ಖಾಲಿ ಜಾಗದಲ್ಲಿ ಚಿತ್ರ ಬಿಡಿಸುತ್ತಿತ್ತು. ಅದನ್ನು ಬರೆಯುವ ದಾರಿ ಸಿಡಿ ಬರೆಯುವ ಸಾಫ್ಟ್‌ವೇರ್ ಸಿಡಿರೆಕಾರ್ಡ್‌ನ ಮೂಲ ಸಂಕೇತದಲ್ಲೇ ಇದೆ, ಯಾರು ಬೇಕಾದರೂ ತೆರೆದು ಓದಬಹುದು.

ಇನ್ನೊಂದು ಮಾತು. ಸಿಡಿಯ ಹೊಳೆಯುವ ಬದಿಯನ್ನಷ್ಟೇ ಜೋಪಾನ ಮಾಡಿ, ಹೆಸರು ಬರೆಯುವ ಮೇಲ್ಬದಿಯಲ್ಲಿ ಬಾಲ್‌ಪೆನ್ನಲ್ಲಿ ಒತ್ತಿ ಬರೆಯಬೇಡಿ. ಕೆಳಗೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾವಲಿದೆ. ಮಾಹಿತಿ ಇರುವುದು ಮೇಲ್ಬದಿಗೆ ಅಂಟಿಕೊಂಡು, ತೆಳು ವಾರ್ನಿಷ್‌ನ ಅಡಿಯಲ್ಲಿ.

ಲೈಟ್‌ಸ್ಕ್ರೈಬ್‌ನ ಬರಹ ಬೆಳಕಿಗೆ ಮಾಸುತ್ತದೆ. ಕಿಟಕಿಯ ಪಕ್ಕ ಇಟ್ಟಿದ್ದ ಒಂದು ಡಿಸ್ಕ್‌ನಲ್ಲಿ ‘ಅಜ್ಜನ ಅರ್ಥ’ ಓದಲಾಗದಷ್ಟು ಮಾಸಿತ್ತು. ಕಳೆದ ವಾರ ಮಗುಚಿ ಹಾಕಿ, ಅದೇ ಚಿತ್ರ ಕೊಟ್ಟು ಮತ್ತೆ ಬರೆಸಿದೆ. ಹೊರಗೆ ಬಂದಾಗ ಹಳೆಯ ಅಕ್ಷರದ ಮೇಲೇ ಹೊಸ ಅಕ್ಷರ ಕೂತಿತ್ತು, ಒಂದು ಕೂದಲೆಳೆಯೂ ಆಚೀಚೆ ಇಲ್ಲ.